ಸೊಂಟದ ನೋವಿಗೆ ವಿಕಿರಣ: ಆತುರವೂ ಬೇಡ, ಅಸಡ್ಡೆಯೂ ಬೇಡ

'ಸೊಂಟ ಹಿಡಿದಿದೆ' ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಯಾರೂ ಕಾಯಿಲೆಯ ಸುದ್ದಿಯೆಂದು ಕೇಳಿಸಿಕೊಳ್ಳುವುದಿಲ್ಲ. ವಯಸ್ಸಿನ ಸುದ್ದಿಯೆಂದು ಕೇಳಿಸಿಕೊಳ್ಳುತ್ತಾರೆ. ಹೇಳುವವರೂ 'ವಯಸ್ಸಾಯಿತಲ್ಲ' ಎಂದು ತಾವೇ ಸೇರಿಸಿ ಮಾತು ಮುಗಿಸುತ್ತಾರೆ. ಆದರೆ ಈ ನೋವು ಸೊಂಟಕ್ಕಷ್ಟೇ ನಿಲ್ಲುವುದಿಲ್ಲ. ಮೊದಲು ಬೆಳಗಿನ ನಡಿಗೆ ನಿಲ್ಲುತ್ತದೆ, ಅನಂತರ ಬಸ್ಸಿನ ಮೆಟ್ಟಿಲು ಹತ್ತುವುದು ನಿಲ್ಲುತ್ತದೆ, ಆಮೇಲೆ ಬ್ಯಾಂಕಿಗೂ ದೇವಸ್ಥಾನಕ್ಕೂ ಇನ್ನೊಬ್ಬರ ತೋಳು ಬೇಕಾಗುತ್ತದೆ. ನಡಿಗೆ ನಿಂತ ಕಾಲು ಸೊರಗುತ್ತದೆ. ಸೊರಗಿದ ಕಾಲು ಎಡವುತ್ತದೆ. ಎಡವಿ ಬಿದ್ದ ಹಿರಿಯರ ಮುಂದಿನ ಕಥೆ ಪ್ರತಿಯೊಂದು ಬಡಾವಣೆಗೂ ಗೊತ್ತು. 2011ರ ಜನಗಣತಿಯ ಪ್ರಕಾರವೇ ದೇಶದಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತ್ತು. ಅಂದಿನಿಂದ ಅದು ಬೆಳೆಯುತ್ತಲೇ ಬಂದಿದೆ. ಹೀಗಿರುವಾಗ ಹಿರಿಯರ ಕೀಲುನೋವನ್ನು ಮನೆಯೊಳಗಿನ ಗೊಣಗಾಟವೆಂದು ತಳ್ಳಿಹಾಕುವುದು ಸಾರ್ವಜನಿಕ ನೀತಿಯ ದೃಷ್ಟಿಯಿಂದಲೂ ಸರಿಯಲ್ಲ.

ಇತ್ತೀಚೆಗೆ ಈ ನೋವಿನ ಸುತ್ತ ಹೊಸದೊಂದು ಮಾತು ಕೇಳಿಬರುತ್ತಿದೆ. ಕ್ಯಾನ್ಸರ್‌ಗೆಂದು ಬಳಸುವ ವಿಕಿರಣವನ್ನೇ ಅತಿ ಕಡಿಮೆ ಪ್ರಮಾಣದಲ್ಲಿ ಸೊಂಟದ ಕೀಲಿಗೆ ಹಾಯಿಸಿದರೆ ಉರಿಯೂತ ಇಳಿಯುತ್ತದೆ, ಮಾತ್ರೆಯೂ ಬೇಡ, ಶಸ್ತ್ರಚಿಕಿತ್ಸೆಯೂ ಬೇಡ ಎಂಬುದೇ ಆ ಮಾತು. ಮಕ್ಕಳು ವಿದೇಶದಲ್ಲಿರುವ ನಿವೃತ್ತರ ಗುಂಪಿನಲ್ಲಿ ಇದನ್ನು ಪ್ರಸ್ತಾಪಿಸಿದರೆ ಸಾಕು, ಸಭೆ ಎರಡಾಗುತ್ತದೆ. ವಿಕಿರಣವೆಂಬ ಪದಕ್ಕೇ ಬೆಚ್ಚಿ 'ನೋವಿಗೆ ಕ್ಯಾನ್ಸರ್ ಕೊಂಡುಕೊಳ್ಳುವುದೇ?' ಎನ್ನುವವರು ಒಂದು ಕಡೆ. 'ಎಲ್ಲಿ ಮಾಡುತ್ತಾರೆ, ಎಷ್ಟಾಗುತ್ತದೆ?' ಎಂದು ಕೇಳುವವರು ಇನ್ನೊಂದು ಕಡೆ. ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರದ ಕಡತಗಳ ನಡುವೆ ಕಳೆದವನು. ಈ ಚಿಕಿತ್ಸೆಯನ್ನು ಪಡೆಯಬೇಕೇ ಬೇಡವೇ ಎಂದು ಯಾರಿಗೂ ಹೇಳುವ ಅಧಿಕಾರ ನನಗಿಲ್ಲ. ಆದರೆ ಒಂದು ಹೊಸ ಚಿಕಿತ್ಸೆ ಸಮಾಜದೊಳಕ್ಕೆ ಯಾವ ಬಾಗಿಲಿನಿಂದ ಬರಬೇಕು ಎಂಬುದು ವೈದ್ಯರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ, ನಮ್ಮೆಲ್ಲರ ಪ್ರಶ್ನೆ. ಮಾರುಕಟ್ಟೆಯ ಬಾಗಿಲು ತೆರೆಯುವ ಮುನ್ನ ಪರೀಕ್ಷೆಯ ಬಾಗಿಲು ತೆರೆಯಬೇಕು, ಆ ಕೆಲಸವನ್ನು ಸರ್ಕಾರವೇ ಮುಂದೆ ನಿಂತು ಮಾಡಬೇಕು ಎಂಬುದು ಈ ಲೇಖನದ ವಾದ.

ಹೊಸದಲ್ಲದ ಹೊಸ ಚಿಕಿತ್ಸೆ

ಮೊದಲಿಗೆ ಪ್ರಮಾಣದ ಮಾತು. ದೇಹವು ಹೀರಿಕೊಳ್ಳುವ ವಿಕಿರಣವನ್ನು 'ಗ್ರೇ' ಎಂಬ ಮಾನದಲ್ಲಿ ಅಳೆಯುತ್ತಾರೆ. ಅನೇಕ ಬಗೆಯ ಕ್ಯಾನ್ಸರ್ ಗಡ್ಡೆಗಳಿಗೆ ಒಟ್ಟು 50ರಿಂದ 70 ಗ್ರೇವರೆಗೆ ಕೊಡುವುದುಂಟು. ಕೀಲುನೋವಿಗೆ ಕೊಡುವುದು ಒಟ್ಟು 3ರಿಂದ 6 ಗ್ರೇ. ಅದನ್ನು ಒಮ್ಮೆಗೆ ಅರ್ಧದಿಂದ ಒಂದು ಗ್ರೇಯಂತೆ, ವಾರಕ್ಕೆ ಎರಡು ಮೂರು ಬಾರಿ, ಸಾಮಾನ್ಯವಾಗಿ ಆರು ಕಂತುಗಳಲ್ಲಿ ಕೊಡುತ್ತಾರೆ. ಪ್ರತಿ ಕಂತೂ ಕೆಲವೇ ನಿಮಿಷಗಳದು. ಎಕ್ಸ್‌-ರೇ ತೆಗೆಸಿಕೊಂಡಂತೆ ಮಲಗಿದ್ದು ಎದ್ದು ಬರಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿಕಿರಣದ ಉದ್ದೇಶ ಜೀವಕೋಶಗಳನ್ನು ಕೊಲ್ಲುವುದು. ಇಲ್ಲಿ ಉರಿಯೂತಕ್ಕೆ ಕಾರಣವಾಗುವ ರೋಗನಿರೋಧಕ ಕೋಶಗಳ ಅಬ್ಬರವನ್ನು ತಗ್ಗಿಸುವುದು ಉದ್ದೇಶ. ಬಿಳಿ ರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು ಊತದ ಜಾಗಕ್ಕೆ ನುಗ್ಗುವುದು ಇಷ್ಟು ಕಡಿಮೆ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದ ಸಂಗತಿ. ಸವೆದ ಕೀಲನ್ನು ಇದು ಮತ್ತೆ ಬೆಳೆಸುವುದಿಲ್ಲ. ನೋವು ತಗ್ಗೀತು ಎಂಬುದಷ್ಟೇ ಇದರ ಭರವಸೆ.

ಇದು ನಿನ್ನೆ ಮೊನ್ನೆಯ ಆವಿಷ್ಕಾರವೂ ಅಲ್ಲ. ರಾಂಟ್ಗೆನ್ 1895ರಲ್ಲಿ ಎಕ್ಸ್-ಕಿರಣವನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ ಯುರೋಪಿನ ವೈದ್ಯರು ಅದನ್ನು ಕೀಲುನೋವಿಗೆ ಬಳಸತೊಡಗಿದ್ದರು. ಜರ್ಮನಿಯಲ್ಲಿ ಈ ಪರಂಪರೆ ಎಂದೂ ನಿಲ್ಲಲಿಲ್ಲ. ಸೊಂಟ, ಮೊಣಕಾಲು, ಭುಜ, ಹಿಮ್ಮಡಿಗಳ ನೋವಿಗೆ ಅಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಮಂದಿ ವಿಕಿರಣ ಚಿಕಿತ್ಸೆ ಪಡೆಯುತ್ತಾರೆ. ಅಲ್ಲಿನ ವಿಕಿರಣ ಚಿಕಿತ್ಸಾ ತಜ್ಞರ ಸಂಘ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಇಂಗ್ಲಿಷ್ ಮಾತನಾಡುವ ದೇಶಗಳಲ್ಲಾದರೋ ಅದು ಬಹುಮಟ್ಟಿಗೆ ಕೈಬಿಟ್ಟುಹೋಯಿತು. ಒಂದು ಕಾರಣ, ಸ್ಟೀರಾಯ್ಡ್ ಹಾಗೂ ಉರಿಯೂತ ನಿವಾರಕ ಮಾತ್ರೆಗಳು ಬಂದದ್ದು. ಇನ್ನೊಂದು ಕಾರಣ ಇನ್ನಷ್ಟು ಗಂಭೀರವಾದದ್ದು. ಬೆನ್ನುಮೂಳೆಯ ಕೀಲುಗಳು ಬೆಸೆದುಕೊಳ್ಳುವ ಸ್ಪಾಂಡಿಲೈಟಿಸ್ ಕಾಯಿಲೆಗೆ ಬ್ರಿಟನ್ನಿನಲ್ಲಿ 1935ರಿಂದ 1954ರವರೆಗೆ ಎಕ್ಸ್-ಕಿರಣ ಚಿಕಿತ್ಸೆ ಪಡೆದಿದ್ದ 13,000ಕ್ಕೂ ಹೆಚ್ಚು ರೋಗಿಗಳನ್ನು ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಅಧ್ಯಯನ ಮಾಡಿ, ಅವರಲ್ಲಿ ರಕ್ತದ ಕ್ಯಾನ್ಸರ್ ನಿರೀಕ್ಷೆಗಿಂತ ಹೆಚ್ಚಾಗಿರುವುದನ್ನು 1957ರಲ್ಲಿ ತೋರಿಸಿಕೊಟ್ಟರು. ಅಂದು ಕೊಟ್ಟ ಪ್ರಮಾಣ ಇಂದಿನದಕ್ಕಿಂತ ಬಹಳ ಹೆಚ್ಚು. ಬೆನ್ನುಮೂಳೆಯ ಉದ್ದಕ್ಕೂ ಮಜ್ಜೆಗೆ ತಗಲುವಂತೆ ಕೊಟ್ಟದ್ದು. ರೋಗಿಗಳಲ್ಲಿ ಅನೇಕರು ಪ್ರಾಯದವರು. ಆದರೂ ಆ ಅಧ್ಯಯನ ಬಿಟ್ಟುಹೋದ ಎಚ್ಚರಿಕೆಯನ್ನು ಮರೆಯಲಾಗದು.

ಹಾಗಾದರೆ ಈಗೇಕೆ ಮತ್ತೆ ಈ ವಿಚಾರ ತಲೆಯೆತ್ತಿದೆ? ಮಾತ್ರೆಗಳ ಮಿತಿ ತಿಳಿದುಬಂದದ್ದೇ ಮುಖ್ಯ ಕಾರಣ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವ ಹಿರಿಯರಲ್ಲಿ ಜಠರದ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ, ಏರುವ ರಕ್ತದೊತ್ತಡ, ಹೃದಯದ ಅಪಾಯ ಇವೆಲ್ಲ ಪಠ್ಯಪುಸ್ತಕಗಳಲ್ಲಿರುವ ಸಂಗತಿಗಳು. ಜಠರಕ್ಕೆ ಹಿತವೆಂದು ಜಗತ್ತೆಲ್ಲ ಮಾರಿದ ರೋಫೆಕಾಕ್ಸಿಬ್ ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತದೆಂದು ತಿಳಿದು ತಯಾರಕ ಕಂಪನಿ 2004ರಲ್ಲಿ ಅದನ್ನು ಹಿಂಪಡೆಯಿತು. ಭಾರತದಲ್ಲೂ ಅದೇ ವರ್ಷ ಅದು ನಿಷೇಧಕ್ಕೊಳಗಾಯಿತು. ನಮ್ಮಲ್ಲಿ ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯ ಗಲ್ಲೆಯ ಮೇಲೆ ದೊರೆಯುವ ಮಾತ್ರೆಗಳನ್ನು ನೆನೆದರೆ, ವಿಕಿರಣಕ್ಕೆ ಬೆಚ್ಚುವ ನಾವು ಮಾತ್ರೆಗೆ ಬೆಚ್ಚದಿರುವುದು ಸೋಜಿಗವೆನಿಸುತ್ತದೆ.

ಒಂದೇ ಪದ, ಹಲವು ನೋವು

ಚಿಕಿತ್ಸೆಯ ಮಾತಿಗೆ ಮೊದಲು ರೋಗ ಯಾವುದೆಂದು ಗೊತ್ತಾಗಬೇಕು. ಇಲ್ಲಿ ನಮ್ಮ ಭಾಷೆಯೇ ಒಂದು ಸಣ್ಣ ತೊಡಕನ್ನು ಒಡ್ಡುತ್ತದೆ. ಬೆನ್ನಿನ ಕೆಳಭಾಗ, ನಡು, ತೊಡೆಯ ಬುಡ, ಪೃಷ್ಠದ ಬದಿ ಇವೆಲ್ಲವನ್ನೂ ನಾವು 'ಸೊಂಟ' ಎಂಬ ಒಂದೇ ಪದದಲ್ಲಿ ಅಡಗಿಸುತ್ತೇವೆ. ವೈದ್ಯಶಾಸ್ತ್ರಕ್ಕೆ ಇವು ಬೇರೆ ಬೇರೆ. ನಿಜವಾದ ಸೊಂಟದ ಕೀಲು ಸವೆದಿದ್ದರೆ ನೋವು ಹೆಚ್ಚಾಗಿ ತೊಡೆಸಂದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕಾಲುಚೀಲ ತೊಡುವುದು ಕಷ್ಟವಾಗುತ್ತದೆ. ತೊಡೆಮೂಳೆಯ ಮೇಲ್ತುದಿಯ ಹೊರಬದಿಯಲ್ಲಿ ಕೈಗೆ ಸಿಗುವ ಉಬ್ಬಿನ ಸುತ್ತ ನೋಯುತ್ತಿದ್ದು, ಆ ಮಗ್ಗುಲಿಗೆ ಮಲಗಲಾಗದಿದ್ದರೆ ಅದು ಬೇರೆಯೇ ತೊಂದರೆ. ಅಲ್ಲಿರುವ ದ್ರವ ತುಂಬಿದ ಪುಟ್ಟ ಚೀಲ ಊದಿಕೊಂಡಿದೆಯೆಂದು ಬಹುಕಾಲ ಅದನ್ನು 'ಬರ್ಸೈಟಿಸ್' ಎಂದೇ ಕರೆಯುತ್ತಿದ್ದರು. ಇಂಥ ನೋವಿನ ಮೂಲ ಬಹಳಷ್ಟು ಮಂದಿಯಲ್ಲಿ ಪೃಷ್ಠದ ಸ್ನಾಯುಗಳನ್ನು ಮೂಳೆಗೆ ಕಟ್ಟುವ ರಜ್ಜುಗಳ ಸವೆತ ಎಂಬುದು ಈಗಿನ ತಿಳಿವಳಿಕೆ. ಬೆನ್ನಿನಿಂದ ಇಳಿದು ಬರುವ ನರದ ನೋವು ಇನ್ನೂ ಬೇರೆ. ಇವೆಲ್ಲಕ್ಕೂ ಒಂದೇ ಯಂತ್ರದ ಕೆಳಗೆ ಮಲಗಿಸುವುದು ಚಿಕಿತ್ಸೆಯೆನಿಸದು.

ಹೊರಬದಿಯ ಈ ನೋವಿನ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನೀತಿ ರೂಪಿಸುವವರು ಗಮನಿಸಬೇಕು. 204 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ತಿಳಿವಳಿಕೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು, ಮೂರನೆಯದಕ್ಕೆ ಕಾದುನೋಡುವ ಸಲಹೆ ನೀಡಲಾಯಿತು. ಎಂಟು ವಾರಗಳಲ್ಲಿ ಸುಧಾರಿಸಿದೆವೆಂದವರು ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 77, ಚುಚ್ಚುಮದ್ದಿನ ಗುಂಪಿನಲ್ಲಿ 58, ಕಾದುನೋಡಿದವರಲ್ಲಿ 29. ಒಂದು ವರ್ಷದ ನಂತರವೂ ವ್ಯಾಯಾಮದ ಗುಂಪೇ ಮುಂದಿತ್ತು. ಹೇಗೆ ಕೂರಬೇಕು, ಹೇಗೆ ನಿಲ್ಲಬೇಕು, ಯಾವ ಸ್ನಾಯುವನ್ನು ಹೇಗೆ ಬಲಪಡಿಸಬೇಕು ಎಂದು ಕಲಿಸುವ ಒಬ್ಬ ಫಿಸಿಯೋಥೆರಪಿಸ್ಟ್, ಕೋಟ್ಯಂತರ ರೂಪಾಯಿಯ ಯಂತ್ರಕ್ಕಿಂತ ಮೊದಲು ದೊರೆಯಬೇಕಾದ ಸೌಲಭ್ಯ. ನಮ್ಮ ಎಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಥವರು ಇದ್ದಾರೆ ಎಂದು ಪ್ರತಿಯೊಬ್ಬ ಓದುಗರೂ ತಮ್ಮ ಊರಿನ ಆಸ್ಪತ್ರೆಯನ್ನು ನೆನೆದು ಉತ್ತರಿಸಿಕೊಳ್ಳಬಹುದು.

ಸಾಕ್ಷ್ಯ ಏನು ಹೇಳುತ್ತದೆ?

ಜರ್ಮನಿಯ ಆಸ್ಪತ್ರೆಗಳ ದಾಖಲೆಗಳನ್ನು ನೋಡಿದರೆ ವಿಕಿರಣ ಪಡೆದವರಲ್ಲಿ ಹೆಚ್ಚಿನವರು ನೋವು ತಗ್ಗಿತೆಂದೇ ಹೇಳಿದ್ದಾರೆ. ಆದರೆ ಕೀಲುನೋವಿನ ಗುಣವೇ ಏರಿಳಿತ. ತೀರಾ ನೋವಿರುವಾಗ ವೈದ್ಯರ ಬಳಿ ಹೋಗುತ್ತೇವೆ. ಎರಡು ತಿಂಗಳಲ್ಲಿ ಅದು ತಾನಾಗಿಯೇ ಇಳಿಯಲೂಬಹುದು. ಕೀರ್ತಿ ಮಾತ್ರ ನಡುವೆ ಮಾಡಿದ ಚಿಕಿತ್ಸೆಗೆ ಸಲ್ಲುತ್ತದೆ. ಈ ತೊಡಕನ್ನು ಬಿಡಿಸಲು ಇರುವ ದಾರಿ ಒಂದೇ: ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ವಿಕಿರಣ, ಇನ್ನೊಂದಕ್ಕೆ ಅದೇ ಯಂತ್ರದ ಕೆಳಗೆ ಹುಸಿ ಚಿಕಿತ್ಸೆ ಕೊಟ್ಟು, ಯಾರಿಗೆ ಯಾವುದೆಂದು ರೋಗಿಗೂ ಅಳೆಯುವವರಿಗೂ ತಿಳಿಯದಂತೆ ನೋಡಿಕೊಳ್ಳುವುದು.

ನೆದರ್‌ಲ್ಯಾಂಡ್ಸ್‌ನ ವೈದ್ಯರು ಇದನ್ನೇ ಮಾಡಿದರು. ಮೊಣಕಾಲಿನ ಸವೆತವಿದ್ದ 55 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ತಿಂಗಳ ನಂತರ ವಿಕಿರಣ ಪಡೆದವರಲ್ಲಿ ನೂರಕ್ಕೆ 44 ಮಂದಿಗೂ ಹುಸಿ ಚಿಕಿತ್ಸೆ ಪಡೆದವರಲ್ಲಿ 43 ಮಂದಿಗೂ ಗುಣ ಕಂಡಿತ್ತು. ಕೈಬೆರಳ ಕೀಲುಗಳ ಬಗ್ಗೆ ಅದಕ್ಕೂ ಮುನ್ನ ಅಲ್ಲಿಯೇ ನಡೆದ ಪ್ರಯೋಗದಲ್ಲೂ ವ್ಯತ್ಯಾಸ ಕಾಣಲಿಲ್ಲ. ಇಲ್ಲಿಗೆ ಕಡತ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ ದಕ್ಷಿಣ ಕೊರಿಯಾದ ಸಂಶೋಧಕರು ಮೊಣಕಾಲಿನ ಸವೆತ ಅಷ್ಟಾಗಿ ಮುಂದುವರಿಯದ 114 ಮಂದಿಯ ಮೇಲೆ ನಡೆಸಿ 2025ರಲ್ಲಿ ಮಂಡಿಸಿದ ಪ್ರಯೋಗದಲ್ಲಿ ಫಲಿತಾಂಶ ಬೇರೆಯಾಗಿ ಬಂತು. ನಾಲ್ಕು ತಿಂಗಳ ನಂತರ ಒಟ್ಟು 3 ಗ್ರೇ ಪಡೆದವರಲ್ಲಿ ನೂರಕ್ಕೆ 70 ಮಂದಿಗೂ ಹುಸಿ ಚಿಕಿತ್ಸೆಯವರಲ್ಲಿ 42 ಮಂದಿಗೂ ಸುಧಾರಣೆ ಕಂಡಿತು.

ಎರಡೂ ಚಿಕ್ಕ ಪ್ರಯೋಗಗಳು, ಎರಡೂ ಮೊಣಕಾಲಿನವು. ಸೊಂಟದ ಕೀಲಿನ ಕುರಿತು ನಮ್ಮ ಕೈಯಲ್ಲಿರುವುದು ಬಹುಪಾಲು ಹಿಂದಿನ ರೋಗಿಗಳ ದಾಖಲೆಗಳೇ. ಈ ಅಂಕಿಗಳಲ್ಲಿ ನನ್ನ ಗಮನ ಸೆಳೆದದ್ದು ಎರಡು ದೇಶಗಳ ಭಿನ್ನ ಫಲಿತಾಂಶಕ್ಕಿಂತ ಅವುಗಳ ನಡುವಿನ ಒಂದು ಹೋಲಿಕೆ. ಎರಡು ಕಡೆಯೂ ಏನನ್ನೂ ಪಡೆಯದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಗುಣವಾಯಿತೆಂದರು. ಅವರು ಸುಳ್ಳು ಹೇಳಲಿಲ್ಲ. ಅವರ ನೋವು ನಿಜವಾಗಿಯೇ ತಗ್ಗಿತ್ತು. ನಾಳೆ ಯಾವುದಾದರೂ ಆಸ್ಪತ್ರೆ ಈ ಚಿಕಿತ್ಸೆಯನ್ನು ಮಾರತೊಡಗಿದರೆ, ಅದರ ಜಾಹೀರಾತಿಗೆ ಬೇಕಾದ ಪ್ರಾಮಾಣಿಕ ಸಾಕ್ಷಿಗಳು ನೂರರಲ್ಲಿ ನಲವತ್ತು ಮಂದಿಯಂತೆ ಹೇಗೂ ಸಿಗುತ್ತಾರೆ. ವಿಕಿರಣ ಕೆಲಸ ಮಾಡಿದರೂ ಸಿಗುತ್ತಾರೆ, ಮಾಡದಿದ್ದರೂ ಸಿಗುತ್ತಾರೆ. ಅಪಾಯವಿರುವುದು ಇಲ್ಲಿಯೇ.

ಕೋವಿಡ್ ಕಾಲದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. 2020ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಹತ್ತು ಮಂದಿ ಕೋವಿಡ್ ನ್ಯುಮೋನಿಯಾ ರೋಗಿಗಳ ಶ್ವಾಸಕೋಶಕ್ಕೆ ಇಂಥದೇ ಕಡಿಮೆ ಪ್ರಮಾಣದ ವಿಕಿರಣ ಕೊಟ್ಟು ನೋಡಲಾಯಿತು, ಹೆಚ್ಚಿನವರು ಚೇತರಿಸಿಕೊಂಡರು. ಆಸೆ ಚಿಗುರಿತು. ಆದರೆ ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಕೃತಕ ಉಸಿರಾಟದಲ್ಲಿದ್ದ ರೋಗಿಗಳ ಮೇಲೆ ಹುಸಿ ಚಿಕಿತ್ಸೆಯ ಹೋಲಿಕೆಯೊಂದಿಗೆ ನಡೆದ ಚಿಕ್ಕ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಆಸೆಯನ್ನು ಪರೀಕ್ಷೆಗೊಡ್ಡಿದ್ದರಿಂದ ಯಾರ ಮಾನವೂ ಹೋಗಲಿಲ್ಲ. ಅನಗತ್ಯ ಚಿಕಿತ್ಸೆಯೊಂದು ಹರಡುವುದು ತಪ್ಪಿತು.

ಅಪಾಯದ ಲೆಕ್ಕ ಮತ್ತು ಯಂತ್ರದ ಲೆಕ್ಕ

ವಿಕಿರಣದಿಂದ ಮುಂದೆಂದೋ ಕ್ಯಾನ್ಸರ್ ಬರುವ ಸಾಧ್ಯತೆ ಇಷ್ಟು ಕಡಿಮೆ ಪ್ರಮಾಣದಲ್ಲಿ ಅಲ್ಪ. ಶೂನ್ಯವೆನ್ನಲಾಗದು. ಅದು ಕಾಣಿಸಿಕೊಳ್ಳಲು ವರ್ಷಗಳು, ಕೆಲವೊಮ್ಮೆ ದಶಕಗಳೇ ಬೇಕಾಗುವುದರಿಂದ 75ರ ಹಿರಿಯರಿಗೆ ಈ ಲೆಕ್ಕ ಒಂದು ಬಗೆ, 35ರ ತರುಣನಿಗೆ ಇನ್ನೊಂದು ಬಗೆ. ಅದರಲ್ಲೂ ಸೊಂಟದ ಸುತ್ತ ಮೂಳೆಮಜ್ಜೆ ಇದೆ, ಸಂತಾನಾಂಗಗಳಿವೆ. ಹೀಗಾಗಿ ಇದು ಹಿರಿಯರಿಗೆ ಮಾತ್ರ ಮೀಸಲಾಗಿರಬೇಕಾದ ವಿಚಾರ. ಮಾರುಕಟ್ಟೆ ತಾನಾಗಿ ವಯಸ್ಸಿನ ಗೆರೆ ಎಳೆದುಕೊಳ್ಳುತ್ತದೆಂದು ನಂಬುವುದು ಕಷ್ಟ.

ಅರ್ಥಶಾಸ್ತ್ರದ ಮೊದಲ ಪಾಠದಲ್ಲಿಯೇ ಅವಕಾಶ ವೆಚ್ಚದ ಮಾತು ಬರುತ್ತದೆ: ಒಂದು ಸಂಪನ್ಮೂಲದ ನಿಜವಾದ ಬೆಲೆ, ಅದನ್ನು ಬೇರೆಡೆ ಬಳಸಿದ್ದರೆ ದೊರೆಯುತ್ತಿದ್ದ ಲಾಭ. ದಶಲಕ್ಷ ಜನರಿಗೆ ಒಂದು ವಿಕಿರಣ ಚಿಕಿತ್ಸಾ ಯಂತ್ರವಾದರೂ ಬೇಕೆಂಬ ಅಳತೆಯನ್ನು ಸಾಮಾನ್ಯವಾಗಿ ಉಲ್ಲೇಖಿಸುತ್ತಾರೆ. ಭಾರತ ಇನ್ನೂ ಆ ಅಳತೆಯನ್ನು ಮುಟ್ಟಿಲ್ಲ. ಇರುವ ಯಂತ್ರಗಳೂ ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಆವರಣದಲ್ಲಿ ಒಂದು ಬೆಳಗ್ಗೆ ನಿಂತರೆ ಸಾಕು, ರಾಯಚೂರು, ಕಲಬುರಗಿಗಳಿಂದ, ನೆರೆ ರಾಜ್ಯಗಳಿಂದ ಬಂದು ಸರದಿಗಾಗಿ ಕಾದಿರುವ ಕುಟುಂಬಗಳು ಕಣ್ಣಿಗೆ ಬೀಳುತ್ತವೆ. ಗರ್ಭಕಂಠದ ಕ್ಯಾನ್ಸರ್ ಇರುವ ಮಹಿಳೆಯ ಸರದಿಯನ್ನು ಒಂದು ದಿನವೂ ಹಿಂದಕ್ಕೆ ತಳ್ಳುವ ಹಕ್ಕು ನನ್ನ ಸೊಂಟದ ನೋವಿಗಿಲ್ಲ.

ಖಾಸಗಿ ವಲಯದಲ್ಲಿ ತೊಂದರೆ ತಿರುಗುಮುರುಗಾಗಿದೆ. ಅಲ್ಲಿ ಯಂತ್ರ ಖಾಲಿ ಕೂರುವುದೇ ನಷ್ಟ. ಸಾಲದಲ್ಲಿ ಕೊಂಡ ಯಂತ್ರದ ಕಂತು ತೀರಿಸಲು ರೋಗಿಗಳನ್ನು ಹುಡುಕುವ ಒತ್ತಡ ಎಷ್ಟು ದೂರ ಹೋಗಬಲ್ಲದೆಂದು ನಾವು ಕಂಡಿದ್ದೇವೆ. ಹೃದಯದ ಸ್ಟೆಂಟ್‌ಗಳಿಗೆ 2017ರ ಫೆಬ್ರುವರಿಯಲ್ಲಿ, ಮಂಡಿ ಬದಲಾವಣೆಯ ಕೃತಕ ಕೀಲುಗಳಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಮಿತಿ ಹೇರಬೇಕಾಗಿ ಬಂದದ್ದು ಏಕೆ ಎಂಬುದನ್ನು ಓದುಗರು ಮರೆತಿರಲಾರರು. ವಿಕಿರಣ ಯಂತ್ರಗಳ ಸುರಕ್ಷತೆಯನ್ನು ನೋಡಿಕೊಳ್ಳಲು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. ಯಂತ್ರ, ಕೊಠಡಿಯ ಗೋಡೆ, ಸಿಬ್ಬಂದಿಯ ಅರ್ಹತೆ ಇವು ಅದರ ಕಣ್ಗಾವಲಿನಲ್ಲಿವೆ. ಆದರೆ ಇಂಥ ರೋಗಿಗೆ ಈ ಚಿಕಿತ್ಸೆ ಅಗತ್ಯವಿತ್ತೇ ಎಂದು ಕೇಳುವುದು ಅದರ ಕೆಲಸವಲ್ಲ. ಆ ಪ್ರಶ್ನೆ ಕೇಳುವ ಕುರ್ಚಿ ಸದ್ಯಕ್ಕೆ ಖಾಲಿಯಿದೆ.

ವಿಮೆಯ ವ್ಯವಸ್ಥೆಯೂ ಇದಕ್ಕೆ ತಕ್ಕಂತಿದೆ. 70 ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ್ ಯೋಜನೆಯನ್ನು ಕೇಂದ್ರ 2024ರ ಅಕ್ಟೋಬರ್‌ನಲ್ಲಿ ವಿಸ್ತರಿಸಿದ್ದು ಸ್ವಾಗತಾರ್ಹವೇ. ಆದರೆ ಅದು ಮೂಲತಃ ಆಸ್ಪತ್ರೆಗೆ ದಾಖಲಾದವರಿಗಾಗಿ ರೂಪುಗೊಂಡ ಯೋಜನೆ. ಕೀಲು ಬದಲಾಯಿಸಲು ಅಲ್ಲಿ ಹಣವಿದೆ; ಕೀಲನ್ನು ಉಳಿಸಿಕೊಳ್ಳಲು ಬೇಕಾದ ಎಂಟು ವಾರದ ಹೊರರೋಗಿ ವ್ಯಾಯಾಮಕ್ಕೆ ಇಲ್ಲ. ದೊಡ್ಡ ಖರ್ಚಿಗೆ ಸುಲಭವಾಗಿ ಮಂಜೂರಾತಿ, ಚಿಕ್ಕ ಖರ್ಚಿಗೆ ನೂರು ಆಕ್ಷೇಪಣೆ ಎಂಬುದು ಸರ್ಕಾರಿ ಲೆಕ್ಕಪತ್ರದ ಹಳೆಯ ಜಾಡು. ವಿಮೆಯೂ ಅದರಲ್ಲೇ ನಡೆದಿದೆ.

ನಿರಾಕರಣೆಯೂ ಉತ್ತರವಲ್ಲ

ಇಷ್ಟೆಲ್ಲ ಹೇಳಿದ ಮೇಲೆ 'ಹಾಗಾದರೆ ಬೇಡವೆಂದು ಬಿಡೋಣ' ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಅದನ್ನು ನಾನು ಒಪ್ಪುವುದಿಲ್ಲ. ಎಂಬತ್ತು ದಾಟಿದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಿ. ಮೂತ್ರಪಿಂಡ ಬಲಹೀನವಾಗಿರುವುದರಿಂದ ನೋವಿನ ಮಾತ್ರೆ ನಿಷಿದ್ಧ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದೆ. ಅರಿವಳಿಕೆ ಕೊಡಲು ವೈದ್ಯರು ಹಿಂಜರಿಯುತ್ತಾರೆ, ಆದ್ದರಿಂದ ಕೀಲು ಬದಲಾವಣೆಯ ಪ್ರಶ್ನೆಯಿಲ್ಲ. ಚುಚ್ಚುಮದ್ದಿನ ಪರಿಣಾಮ ಕೆಲವು ವಾರ ನಿಂತು ಹೋಯಿತು. ವ್ಯಾಯಾಮ ಮಾಡಲು ನೋವೇ ಬಿಡದು. ಇಂಥವರು ನಮ್ಮ ಮನೆಗಳಲ್ಲಿ ವಿರಳವೇನಲ್ಲ. ರಾತ್ರಿ ಮಗ್ಗುಲು ಬದಲಿಸಲಾಗದೆ, ಮನೆಯವರ ನಿದ್ದೆ ಕೆಡಿಸಬಾರದೆಂದು ಹಲ್ಲು ಕಚ್ಚಿ ಮಲಗುವವರಿಗೆ 'ಇನ್ನೂ ಸಾಬೀತಾಗಿಲ್ಲ' ಎಂಬುದು ವೈಜ್ಞಾನಿಕವಾಗಿ ಸರಿಯಾದ ಮಾತಿರಬಹುದು, ಪೂರ್ಣ ಉತ್ತರವಾಗದು. ಸಾಬೀತಾಗಿಲ್ಲವೆಂದರೆ ಸಾಬೀತಾಗುತ್ತದೆಯೇ ಎಂದು ನೋಡುವ ಹೊಣೆ ಯಾರದಾದರೂ ಆಗಿರಬೇಕಲ್ಲವೇ?

ವಿಕಿರಣವನ್ನು ಕ್ಯಾನ್ಸರ್ ಅಲ್ಲದ ತೊಂದರೆಗೆ ಬಳಸುವುದೇ ಅನಾಚಾರವೆಂಬ ಭಾವನೆಗೂ ಆಧಾರವಿಲ್ಲ. ಸೊಂಟದ ಶಸ್ತ್ರಚಿಕಿತ್ಸೆಯಾದ ಕೆಲವರಲ್ಲಿ ಮಾಂಸದ ನಡುವೆ ಬೆಳೆಯಬಾರದಲ್ಲಿ ಮೂಳೆ ಬೆಳೆಯುವುದನ್ನು ತಡೆಯಲು ಒಮ್ಮೆಗೇ 7ರಿಂದ 8 ಗ್ರೇ ವಿಕಿರಣ ಕೊಡುವುದು ವೈದ್ಯಲೋಕ ಒಪ್ಪಿಕೊಂಡ ಕ್ರಮ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ದಪ್ಪಗಲೆ ಮತ್ತೆ ಬೆಳೆಯದಂತೆ ವಿಕಿರಣ ಕೊಡುವುದೂ ಉಂಟು. ಆದ್ದರಿಂದ ಇಲ್ಲಿರುವುದು ಧರ್ಮಸಂಕಟವಲ್ಲ. ಅಳೆದು ನೋಡಬೇಕಾದ ಒಂದು ಪ್ರಶ್ನೆ.

ಅಳೆಯುವ ಸಾಮರ್ಥ್ಯ ನಮಗಿದೆ. ಬೋಧಕ ಆಸ್ಪತ್ರೆಗಳಿವೆ, ವಿಕಿರಣ ತಜ್ಞರಿದ್ದಾರೆ, ಮೂಳೆ ವೈದ್ಯರಿದ್ದಾರೆ. ಯಾವ ಚಿಕಿತ್ಸೆಗೆ ಸಾರ್ವಜನಿಕ ಹಣ ಹಾಕುವುದು ಸಾರ್ಥಕವೆಂದು ತೂಗಿ ನೋಡಲು ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ ಒಂದು ವ್ಯವಸ್ಥೆಯೂ ಇದೆ. ಪ್ರಯೋಗಗಳನ್ನು ಮೊದಲೇ ಬಹಿರಂಗವಾಗಿ ನೋಂದಾಯಿಸುವ ರಾಷ್ಟ್ರೀಯ ದಾಖಲೆ 2007ರಿಂದಲೂ ನಡೆಯುತ್ತಿದೆ. ಇವನ್ನು ಒಂದೆಡೆ ತರುವ ಇಚ್ಛಾಶಕ್ತಿ ಬೇಕು. ಈ ನಿಟ್ಟಿನಲ್ಲಿ ನನ್ನ ಸಲಹೆಗಳು ಇಷ್ಟು.

ಮೊದಲನೆಯದಾಗಿ, ರಾಜ್ಯ ಸರ್ಕಾರ ಎರಡು ಮೂರು ಸರ್ಕಾರಿ ಬೋಧಕ ಆಸ್ಪತ್ರೆಗಳಲ್ಲಿ ಸೊಂಟದ ಕೀಲುನೋವಿಗೆಂದೇ, ಹುಸಿ ಚಿಕಿತ್ಸೆಯ ಹೋಲಿಕೆಯಿರುವ ಒಂದು ದೊಡ್ಡ ಪ್ರಯೋಗಕ್ಕೆ ಹಣ ಒದಗಿಸಬೇಕು. ಯಂತ್ರ ಮಾರುವವರ ಹಣ ಇದಕ್ಕೆ ಸೋಕಬಾರದು. ಅರವತ್ತೈದು ದಾಟಿದವರನ್ನು, ಅದರಲ್ಲೂ ಬೇರೆ ಚಿಕಿತ್ಸೆ ಫಲಿಸದವರನ್ನು ಮಾತ್ರ ಸೇರಿಸಿಕೊಂಡು, ಒಂದು ವರ್ಷವಾದರೂ ಅವರ ನಡಿಗೆ, ನಿದ್ದೆ, ಮಾತ್ರೆಗಳ ಸಂಖ್ಯೆ ಇವನ್ನು ದಾಖಲಿಸಬೇಕು. ಫಲಿತಾಂಶ ಏನೇ ಬರಲಿ, ಪ್ರಕಟಿಸಬೇಕು.

ಎರಡನೆಯದಾಗಿ, ಈ ಪ್ರಯೋಗ ಕ್ಯಾನ್ಸರ್ ರೋಗಿಗಳ ಸರದಿ ಮುಗಿದ ನಂತರದ ಹೊತ್ತಿನಲ್ಲಿ ನಡೆಯಬೇಕು. ಹೆಚ್ಚುವರಿ ಹೊತ್ತಿಗೆ ತಂತ್ರಜ್ಞರಿಗೆ ಪ್ರತ್ಯೇಕ ಸಂಭಾವನೆ ಕೊಡಬೇಕು. ಆದ್ಯತೆಯ ಈ ನಿಯಮ ಆದೇಶದ ರೂಪದಲ್ಲಿರಬೇಕೇ ಹೊರತು ಯಾರದೋ ಸದ್ಭಾವನೆಗೆ ಬಿಟ್ಟದ್ದಾಗಬಾರದು.

ಮೂರನೆಯದಾಗಿ, ಫಲಿತಾಂಶ ಬರುವವರೆಗೆ ಖಾಸಗಿ ಆಸ್ಪತ್ರೆಗಳು ಇದನ್ನು ಜಾಹೀರಾತಿನಲ್ಲಿ ಮಾರದಂತೆ, ಕೊಟ್ಟರೂ ವಯಸ್ಸು, ರೋಗನಿರ್ಣಯ, ಪ್ರಮಾಣ, ಪರಿಣಾಮಗಳನ್ನು ಆರೋಗ್ಯ ಇಲಾಖೆಗೆ ವರದಿ ಮಾಡುವಂತೆ ನಿಯಮವಾಗಬೇಕು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕುರಿತು ಕರ್ನಾಟಕಕ್ಕೆ 2007ರಿಂದಲೇ ತನ್ನದೇ ಕಾಯ್ದೆಯಿದೆ. ಕಾಯ್ದೆ ಇರುವುದು ಕಪಾಟಿನಲ್ಲಿಡಲಿಕ್ಕಲ್ಲ.

ನಾಲ್ಕನೆಯದಾಗಿ, ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಿದರೆ ಅರ್ಥವಾಗುವ ಕನ್ನಡದಲ್ಲಿರಬೇಕು. ಕೀಲು ಮತ್ತೆ ಬೆಳೆಯುವುದಿಲ್ಲ, ಕ್ಯಾನ್ಸರ್ ಅಪಾಯ ಅಲ್ಪವಾದರೂ ಇದೆ, ಪ್ರಯೋಜನದ ಬಗ್ಗೆ ತಜ್ಞರಲ್ಲಿಯೇ ಒಮ್ಮತವಿಲ್ಲ ಎಂಬ ಮೂರು ಮಾತುಗಳು ಅದರಲ್ಲಿ ದಪ್ಪಕ್ಷರದಲ್ಲಿ ಬರಬೇಕು. ಮಗ ಸಹಿ ಹಾಕಿದರೆ ಸಾಲದು. ನೋವು ಯಾರದೋ ಸಹಿಯೂ ಅವರದಾಗಿರಬೇಕು.

ಐದನೆಯದಾಗಿ, ಇವೆಲ್ಲಕ್ಕೂ ಮುಂಚೆ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಒಬ್ಬ ಫಿಸಿಯೋಥೆರಪಿಸ್ಟ್ ಬರಬೇಕು. ಹಿರಿಯರ ಆರೋಗ್ಯಕ್ಕಾಗಿ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿ ಒಂದೂವರೆ ದಶಕ ಕಳೆದಿದೆ. ಫಿಸಿಯೋಥೆರಪಿಗೆ ಅದರಲ್ಲಿ ಅವಕಾಶವಿದೆ. ಮಂಜೂರಾದ ಹುದ್ದೆಗಳನ್ನು ತುಂಬುವುದು ಯಾವ ಸಂಶೋಧನೆಯ ಫಲಿತಾಂಶಕ್ಕೂ ಕಾಯಬೇಕಾಗಿಲ್ಲ.

ಈ ಸಲಹೆಗಳು ಜಾರಿಗೆ ಬರುವ ತನಕ ಓದುಗರೇನು ಮಾಡಬೇಕು? ಯಾರಾದರೂ ಈ ಚಿಕಿತ್ಸೆಯನ್ನು ಸೂಚಿಸಿದರೆ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ನನ್ನ ನೋವು ಕೀಲಿನದೋ, ರಜ್ಜುವಿನದೋ, ಬೆನ್ನಿನದೋ? ವ್ಯಾಯಾಮವನ್ನು ಸರಿಯಾಗಿ, ಸಾಕಷ್ಟು ಕಾಲ ಮಾಡಿ ನೋಡಿದ್ದಾಗಿದೆಯೇ? ಒಟ್ಟು ಎಷ್ಟು ಗ್ರೇ ಕೊಡುತ್ತೀರಿ, ಫಲ ಕಾಣದಿದ್ದರೆ ಮುಂದೇನು? ನನ್ನ ವಯಸ್ಸಿಗೆ, ನನಗಿರುವ ಇತರ ಕಾಯಿಲೆಗಳಿಗೆ ಇದರಿಂದಾಗುವ ಲಾಭ ನಷ್ಟ ಏನು? ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವ ವೈದ್ಯರ ಮಾತನ್ನು ನಂಬಬಹುದು. ಉತ್ತರದ ಬದಲು ಪ್ಯಾಕೇಜಿನ ದರಪಟ್ಟಿ ಕೈಗಿಡುವ ಕಡೆಯಿಂದ ಎದ್ದು ಬರುವುದೇ ಲೇಸು.

ಹಿರಿಯರ ನೋವಿಗೆ ಬೆಲೆ ಕಟ್ಟುವ ಸಮಾಜಗಳು ಎರಡು ಬಗೆಯವು. ಒಂದರಲ್ಲಿ ಆ ನೋವು ವ್ಯಾಪಾರದ ಸರಕು. ಇನ್ನೊಂದರಲ್ಲಿ ಅದು ಸಾರ್ವಜನಿಕ ಹೊಣೆ. ವಿಕಿರಣ ಚಿಕಿತ್ಸೆ ಸೊಂಟದ ನೋವಿಗೆ ಒದಗಿಬರುತ್ತದೆಯೋ ಇಲ್ಲವೋ ಎಂಬುದನ್ನು ವಿಜ್ಞಾನ ತೀರ್ಮಾನಿಸಲಿ. ಆ ತೀರ್ಮಾನಕ್ಕೆ ಬೇಕಾದ ಪ್ರಯೋಗಕ್ಕೆ ಮಂಜೂರಾತಿ ಕೊಡುವುದು ಮಾತ್ರ ಸರ್ಕಾರದ ಕೆಲಸ. ಸೊಂಟ ಹಿಡಿದು ಕೂತವರಿಗೆ ಬಹಳ ವರ್ಷ ಕಾಯುವಷ್ಟು ವ್ಯವಧಾನವಿಲ್ಲ ಎಂಬುದನ್ನು ವಿಧಾನಸೌಧ ಮರೆಯದಿರಲಿ.